ಪರಮಾಣು ಮೊದಲು ಯಾರದ್ದು?

‘ಪರಮಾಣುವನ್ನು ಕಂಡುಹಿಡಿದವರು ನಮ್ಮ ಕಣಾದರಲ್ಲವೇ? ಹಾಗಿದ್ದರೆ ಪಠ್ಯಪುಸ್ತಕದಲ್ಲಿ ಡಾಲ್ಟನ್ನನ ಹೆಸರೇಕೆ?’ ನನ್ನನ್ನು ಎಷ್ಟೋ ಜನ ಹೀಗೆ ಕೇಳಿದ್ದಾರೆ.

ಹೆಂಚಿನ ಮನೆಯ ಬೆಳಕಿಂಡಿಯಿಂದ ಬಿಸಿಲುಕೋಲು ಇಳಿದಾಗ ಅದರಲ್ಲಿ ಧೂಳು ತೇಲಾಡುವುದನ್ನು ನೋಡಿದ್ದೀರಲ್ಲ? ಪ್ರಾಚೀನ ಭಾರತದ ಋಷಿ ಕಣಾದರ ದರ್ಶನವನ್ನು ಅನುಸರಿಸಿದ ವೈಶೇಷಿಕರಿಗೆ ಆ ಒಂದೊಂದು ಕಣವೂ ತ್ರಸರೇಣು, ಕಣ್ಣಿಗೆ ಕಾಣುವವುಗಳಲ್ಲೆಲ್ಲ ಅತಿ ಸಣ್ಣದು. ಕಾಣುವುದೆಲ್ಲ ಭಾಗಗಳಿಂದಾದದ್ದು ಎಂಬುದು ಅವರ ತರ್ಕ. ಎರಡು ಪರಮಾಣು ಕೂಡಿ ದ್ವ್ಯಣುಕ, ಮೂರು ದ್ವ್ಯಣುಕ ಕೂಡಿ ತ್ರಸರೇಣು. ಅಂದರೆ ಪರಮಾಣು ಆ ಧೂಳಿನ ಆರರಲ್ಲಿ ಒಂದು ಪಾಲು. ಒಡೆಯುತ್ತಾ ಹೋಗುವುದಕ್ಕೆ ಕೊನೆಯೇ ಇಲ್ಲವೆಂದರೆ? ಆಗ ಮೇರು ಪರ್ವತದಲ್ಲೂ ಸಾಸಿವೆಕಾಳಿನಲ್ಲೂ ಲೆಕ್ಕವಿಲ್ಲದಷ್ಟು ಭಾಗಗಳು, ಎರಡೂ ಒಂದೇ ಗಾತ್ರದವಾಗಬೇಕಾಗುತ್ತದೆ! ಆ ಪರಂಪರೆಯ ಪಂಡಿತರ ಈ ವಾದ ನೆನೆದಾಗಲೆಲ್ಲ ನನಗೆ ಮೈ ನವಿರೇಳುತ್ತದೆ.

ಆವಿಗೆಯಲ್ಲಿ ಮಡಕೆ ಕೆಂಪಾಗುವ ಬಗೆಯ ಮೇಲೂ ಚರ್ಚೆ ನಡೆದಿತ್ತು. ಮಡಕೆ ಪರಮಾಣುಗಳಾಗಿ ಬಿಡಿಬಿಡಿಯಾಗಿ, ಬಣ್ಣ ಬದಲಿಸಿ, ಮತ್ತೆ ಕೂಡಿಕೊಳ್ಳುತ್ತದೆ ಎಂದರು ವೈಶೇಷಿಕರು. ಇಲ್ಲ, ಇಡಿಯಾಗಿಯೇ ಬೇಯುತ್ತದೆ ಎಂದರು ನೈಯಾಯಿಕರು, ಅಂದರೆ ನ್ಯಾಯ ದರ್ಶನದ ಪಂಡಿತರು. ಯಾರು ಸರಿ ಎಂದು ತೀರ್ಮಾನಿಸಲು ಇಬ್ಬರ ಕೈಯಲ್ಲೂ ತಕ್ಕಡಿ ಇರಲಿಲ್ಲ. ಒಡೆಯಲಾಗದ ಕಣಗಳ ಮಾತನ್ನೇ ಆಡಿದ ಕ್ರಿ.ಪೂ. 5ನೆಯ ಶತಮಾನದ ಗ್ರೀಕ್ ಚಿಂತಕ ಡೆಮಾಕ್ರಿಟಸ್‌ನ ಸ್ಥಿತಿಯೂ ಅದೇ.

ತಕ್ಕಡಿ ಬಂದದ್ದು ಇಂಗ್ಲೆಂಡಿನ ರಸಾಯನ ವಿಜ್ಞಾನಿ ಜಾನ್ ಡಾಲ್ಟನ್‌ನಿಂದ. 1803ರಲ್ಲಿ ಆತ ಹೈಡ್ರೋಜನ್ನಿನ ತೂಕವನ್ನು ಒಂದು ಎಂದಿಟ್ಟುಕೊಂಡು ಉಳಿದ ಪರಮಾಣುಗಳ ತೂಕದ ಪಟ್ಟಿ ಮಾಡಿದ. ನೀರಿನಲ್ಲಿ ಒಂದು ಹೈಡ್ರೋಜನ್, ಒಂದು ಆಮ್ಲಜನಕ ಎಂದು ಊಹಿಸಿದ್ದರಿಂದ, 1808ರ ಪಟ್ಟಿಯಲ್ಲಿ ಆಮ್ಲಜನಕ 7 ಎಂದಾಯಿತು. ಇಂದು ನಾವು 16 ಎನ್ನುತ್ತೇವೆ. ಎಷ್ಟು ದೊಡ್ಡ ತಪ್ಪು! ಆದರೆ ಅಂಕಿ ಕಾಗದದ ಮೇಲಿತ್ತು, ಹಾಗಾಗಿ ಪರೀಕ್ಷಿಸಬಹುದಿತ್ತು. ನೀರಾಗಲು ಎರಡು ಅಳತೆ ಹೈಡ್ರೋಜನ್ನಿಗೆ ಒಂದೇ ಅಳತೆ ಆಮ್ಲಜನಕ ಸಾಕೆಂಬುದನ್ನು ಫ್ರಾನ್ಸಿನ ವಿಜ್ಞಾನಿ ಗೇ-ಲುಸ್ಸಾಕ್ ಅಳೆದಿದ್ದ; 1811ರಲ್ಲಿ ಇಟಲಿಯ ಅವೊಗಾಡ್ರೋ ಅದರ ಅರ್ಥ ಬಿಡಿಸಿದ: ನೀರಿನಲ್ಲಿ ಒಂದು ಆಮ್ಲಜನಕಕ್ಕೆ ಎರಡು ಹೈಡ್ರೋಜನ್.

ಹೀಗಾಗಿ ನನ್ನ ಉತ್ತರ: ಒಡೆಯಲಾಗದ ಕಣವೊಂದು ಇರಲೇಬೇಕೆಂದು ವಾದಿಸಿದ ಕೀರ್ತಿ ಕಣಾದರ ಪರಂಪರೆಗೂ ಗ್ರೀಕರಿಗೂ ಸಲ್ಲಬೇಕು. ಅದನ್ನು ತೂಗಲು ಹೊರಟ ಕೀರ್ತಿ ಡಾಲ್ಟನ್ನನದು. ಒಬ್ಬರನ್ನು ಹೊಗಳಲು ಇನ್ನೊಬ್ಬರನ್ನು ಅಳಿಸಬೇಕಿಲ್ಲ.

ಅಂದ ಹಾಗೆ, ಆ ಬಿಸಿಲುಕೋಲಿನಲ್ಲಿ ತೇಲುವ, ಮಿಲಿಮೀಟರಿನ ನೂರನೆಯ ಒಂದು ಪಾಲು ಅಗಲದ ಧೂಳಿನ ಕಣದಲ್ಲಿ ಇರುವುದು ಆರು ಪರಮಾಣುಗಳಲ್ಲ, ಹತ್ತಾರು ಲಕ್ಷ ಕೋಟಿ.