ಅಡ್ಯಾರಿನಲ್ಲಿ ಅರ್ಧ ದಿನ

ಮಂಗಳೂರು ಮೇಲ್ ಬೆಳಗಿನ ಜಾವ ಚೆನ್ನೈಗೆ ತಂದು ಇಳಿಸಿತು. ನನ್ನ ಕೆಲಸವಿದ್ದದ್ದು ಮಧ್ಯಾಹ್ನದ ಮೇಲೆ. ಇಡ್ಲಿ ಮುಗಿಸಿ ಆಟೊ ಹತ್ತಿದೆ. "ಅಡ್ಯಾರ್ ಕ್ಯಾನ್ಸರ್ ಆಸ್ಪತ್ರೆ" ಎಂದದ್ದೇ, ಚಾಲಕ ಕನ್ನಡಿಯಲ್ಲಿ ನನ್ನ ಮುಖ ನೋಡಿ ಬಾಡಿಗೆಗೆ ಚೌಕಾಸಿ ಮಾಡದೆ ಹೊರಟ.

ಗೇಟಿನ ಬಳಿ ಸ್ಕ್ಯಾನ್ ಕವರು ಹಿಡಿದವರು, ಬುತ್ತಿ ಬಿಚ್ಚಿ ಕೂತವರು. 1954ರಲ್ಲಿ ಇಲ್ಲಿದ್ದದ್ದು 12 ಹಾಸಿಗೆ. ಕ್ಯಾನ್ಸರಿಗೆ ತಂಗಿಯನ್ನು ಕಳೆದುಕೊಂಡಿದ್ದ ಡಾ. ಮುತ್ತುಲಕ್ಷ್ಮಿ ರೆಡ್ಡಿ ಇದನ್ನು ಕಟ್ಟಿ ನಿಲ್ಲಿಸುವಾಗ ಅವರಿಗೆ 67.

ಅಲ್ಲಿಂದ ಬೆಸೆಂಟ್ ಅವೆನ್ಯೂ, ಅವರದೇ ಅವ್ವೈ ಹೋಮ್. ಒಳಗೆ ಹೋಗಲಿಲ್ಲ, ಮಕ್ಕಳಿರುವ ಜಾಗ, ನೋಡಲು ಬಂದೆ ಎನ್ನಲು ಸಂಕೋಚ. 1930ರಲ್ಲಿ ದೇವದಾಸಿ ಮನೆತನದ ಹುಡುಗಿಯರನ್ನು ಹಾಸ್ಟೆಲುಗಳು ಸೇರಿಸಿಕೊಳ್ಳದಿದ್ದಾಗ ಶುರುವಾದ ಆಸರೆ ಇದು. ಪುದುಕೋಟೆಯ ಮುತ್ತುಲಕ್ಷ್ಮಿಯವರ ತಾಯಿ ಚಂದ್ರಮ್ಮಾಳ್ ಕೂಡ ಅದೇ ಹಿನ್ನೆಲೆಯವರು.

1926ರ ಚುನಾವಣೆಯಲ್ಲಿ ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ಕೂದಲೆಳೆಯಲ್ಲಿ ಸೋತರು. ಅದೇ ಮದ್ರಾಸ್ ಶಾಸನ ಪರಿಷತ್ತಿಗೆ ಮುತ್ತುಲಕ್ಷ್ಮಿ ನಾಮನಿರ್ದೇಶನಗೊಂಡು ಬಂದರು, ಉಪಾಧ್ಯಕ್ಷೆಯೂ ಆದರು. 1929ರಲ್ಲಿ ಅವರು ತಂದ ತಿದ್ದುಪಡಿ ಜಾಣತನದ್ದು: ದೇವಸ್ಥಾನದ ಸೇವೆಗೆ ಕಟ್ಟುಬಿದ್ದಿದ್ದ ಇನಾಂ ಜಮೀನನ್ನು ಸೇವೆಯ ಹಂಗಿಲ್ಲದೆ ಆ ಹೆಂಗಸರಿಗೇ ಬಿಟ್ಟುಕೊಡುವುದು. ಹುಡುಗಿಯರಿಗೆ ಮುತ್ತು ಕಟ್ಟಿ ದೇವರಿಗೆ ಬಿಡುವುದನ್ನೇ ನಿಷೇಧಿಸುವ ಕಾನೂನು ಬಂದದ್ದು 1947ರಲ್ಲಿ. ಮಂಗಳೂರು, ಬಳ್ಳಾರಿ ಆಗ ಮದ್ರಾಸಿನವೇ ಆದ್ದರಿಂದ ನಮಗೂ ಅದೇ ಕಾನೂನು.

ಆದರೆ ಕಾಂಪೌಂಡಿನ ನೆರಳಲ್ಲಿ ನಿಂತ ನನ್ನನ್ನು ಕಾಡಿದ್ದು ಇನ್ನೊಬ್ಬಾಕೆ. ನಂಜನಗೂಡಿನ ಕಡೆಯವರು, ಗಾಯಕಿ ಬೆಂಗಳೂರು ನಾಗರತ್ನಮ್ಮ. ಅವರೂ ದೇವದಾಸಿ ಮನೆತನದವರೇ. ನಮ್ಮನ್ನೆಲ್ಲ ಒಂದೇ ತಕ್ಕಡಿಗೆ ಹಾಕಬೇಡಿ, ನಮ್ಮ ಸಂಗೀತ ವಿದ್ಯೆ, ಆಸ್ತಿಯ ಹಕ್ಕು ಏನಾಗಬೇಕು ಎಂದು ಮದ್ರಾಸಿನ ದೇವದಾಸಿಯರ ಜತೆ ನಿಂತು ಮುತ್ತುಲಕ್ಷ್ಮಿಯವರ ಪ್ರಯತ್ನವನ್ನು ವಿರೋಧಿಸಿದವರು. ಮನೆಯಿಂದ ಹೊರಡುವಾಗ ನಾನು ಪೂರ್ತಿ ಮುತ್ತುಲಕ್ಷ್ಮಿಯವರ ಪಕ್ಷ. ಈಗಲೂ ಆ ಕಾನೂನು ಬೇಕಿತ್ತು ಅಂತಲೇ ಹೇಳುತ್ತೇನೆ, ಮಕ್ಕಳನ್ನು ಕೇಳಿ ಯಾರೂ ಮುತ್ತು ಕಟ್ಟುತ್ತಿರಲಿಲ್ಲವಲ್ಲ. ಆದರೂ ಆ ಕುಟುಂಬಗಳ ನಾಟ್ಯ ಆಮೇಲೆ ಬೇರೆಯವರ ವೇದಿಕೆಯಲ್ಲಿ ಮರ್ಯಾದೆ ಪಡೆಯಿತು ಎಂಬುದು ಗಂಟಲಲ್ಲಿ ಮುಳ್ಳಿನ ಹಾಗೆ.

ನಾಗರತ್ನಮ್ಮ ತಮ್ಮ ಗಳಿಕೆ ಸುರಿದು ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದ್ದು ತಿರುವೈಯಾರಿನಲ್ಲಿ. ವಾಪಸು ಬಸ್ಸಿನಲ್ಲಿ ಮೊಬೈಲು ತೆಗೆದು ದಾರಿ ನೋಡಿದೆ. ತಂಜಾವೂರಿನವರೆಗೆ ರೈಲು, ಮುಂದೆ ಬಸ್ಸು.