ಪಕ್ಕದ ರಾಜ್ಯ ಯಾಕೆ ಮುನಿಸಿಕೊಂಡಿದೆ?

ನಾನು ಸ್ಟ್ರಾಟಜಿ ಗೇಮ್ ಮಾಡುವ ತಂಡವೊಂದರಲ್ಲಿ ಡಿಸೈನರ್. ರಾಜ್ಯ ಕಟ್ಟುವುದು, ಊರು ಬೆಳೆಸುವುದು, ಗಡಿ ಕಾಯುವುದು, ಹೀಗೆ ಟರ್ನ್ ಮೇಲೆ ಟರ್ನ್, ಅಂದರೆ ಸರದಿಯ ಮೇಲೆ ಸರದಿ, ಸಾಗುವ ಆಟ ನಮ್ಮದು. ಅದರಲ್ಲಿ ನನ್ನ ಪಾಲಿಗೆ ಬಂದಿರುವುದು ರಾಜತಾಂತ್ರಿಕತೆ. ಅಂದರೆ ಎಐ (ಕಂಪ್ಯೂಟರ್) ನಡೆಸುವ ರಾಜ್ಯಗಳು ಆಟಗಾರನ ಜೊತೆ ಹೇಗೆ ಮಾತಾಡುತ್ತವೆ, ಯಾವಾಗ ಕೈ ಕುಲುಕುತ್ತವೆ, ಯಾವಾಗ ಕತ್ತಿ ಎತ್ತುತ್ತವೆ ಅನ್ನುವುದು.

ಹೊರಗಿನಿಂದ ನೋಡಿದವರಿಗೆ ಇದು ಎಐಗೆ ಬುದ್ಧಿ ಕಲಿಸುವ ಕೆಲಸ ಅನ್ನಿಸುತ್ತದೆ. ಸ್ವಲ್ಪ ಮಟ್ಟಿಗೆ ಹೌದು. ಆದರೆ ದಿನದ ಬಹುಪಾಲು ಹೋಗುವುದು ಬೇರೆ ಕಡೆ. ಎಐ ಏನು ತೀರ್ಮಾನ ಮಾಡಿತು ಅನ್ನುವುದಕ್ಕಿಂತ, ಯಾಕೆ ಮಾಡಿತು ಅನ್ನುವುದು ಆಟಗಾರನಿಗೆ ಮೊದಲೇ ಕಾಣುವ ಹಾಗೆ ಮಾಡುವುದೇ ಜಾಸ್ತಿ ಕಷ್ಟ. ಕಾರಣ ಕಾಣದಿದ್ದರೆ ಎಷ್ಟೇ ಜಾಣ ನಡೆಯಾದರೂ ಆಟಗಾರನ ಕಣ್ಣಿಗೆ ಅದು ಹುಚ್ಚಾಟವೇ. ಈ ಕೆಲಸ ನನಗೆ ಕಲಿಸಿದ್ದು ಮುಖ್ಯವಾಗಿ ಇದನ್ನೇ.

ಒಂದು ಪ್ಲೇಟೆಸ್ಟ್ (ಆಟ ಹೊರಬರುವ ಮೊದಲು ಆಡಿಸಿ ನೋಡುವ ಪರೀಕ್ಷೆ) ಬಗ್ಗೆ ಹೇಳುತ್ತೇನೆ. ಆಡುತ್ತಿದ್ದವರು ಶುರುವಿನಿಂದಲೂ ಉತ್ತರದ ರಾಜ್ಯದ ಜೊತೆ ಚೆನ್ನಾಗಿಯೇ ಇದ್ದರು. ವ್ಯಾಪಾರ ನಡೆಯುತ್ತಿತ್ತು, ಗಡಿ ತೆರೆದಿತ್ತು, ಒಮ್ಮೆ ಕುದುರೆಗಳನ್ನೂ ಉಡುಗೊರೆ ಕೊಟ್ಟಿದ್ದರು. ಸಂಬಂಧದ ಪರದೆಯಲ್ಲಿ +18 ಅಂತ ಹಸಿರು ಬಣ್ಣದಲ್ಲಿ ಹೊಳೆಯುತ್ತಿತ್ತು. ಹಾಗಿದ್ದೂ ಒಂದು ಟರ್ನ್‌ನಲ್ಲಿ ಉತ್ತರದವರು ಯುದ್ಧ ಸಾರಿ ಗಡಿಯ ಎರಡು ಊರು ಹಿಡಿದರು. ಟೆಸ್ಟರ್ ಬರೆದ ಟಿಪ್ಪಣಿ ಹೀಗಿತ್ತು: 'ಕಾರಣವೇ ಇಲ್ಲ, ಸುಮ್ನೆ ಬಂದು ಹೊಡೆದರು.'

ಲಾಗ್, ಅಂದರೆ ಆಟದೊಳಗೆ ನಡೆದದ್ದರ ದಾಖಲೆ, ತೆಗೆದು ನೋಡಿದರೆ ಕಾರಣಗಳು ಸಾಲಾಗಿ ನಿಂತಿದ್ದವು. ಆಟಗಾರನ ಸೈನ್ಯವೆಲ್ಲ ದಕ್ಷಿಣದಲ್ಲಿ ಇನ್ನೊಬ್ಬರ ಜೊತೆ ಕಾದಾಡುತ್ತಿತ್ತು. ಉತ್ತರದ ಗಡಿಯ ಊರುಗಳಲ್ಲಿ ಕಾವಲಿಗೆ ತಲಾ ಒಂದೇ ಒಂದು ಪಡೆ. ಉತ್ತರದವರ ಬಳಿ ಕಬ್ಬಿಣ ಇರಲಿಲ್ಲ, ಆ ಎರಡರಲ್ಲಿ ಒಂದು ಊರಿನ ಪಕ್ಕದಲ್ಲೇ ಕಬ್ಬಿಣದ ಗಣಿ ಇತ್ತು. ಅದೇ ಹೊತ್ತಿಗೆ ಪೂರ್ವದ ವೈರಿಯ ಜೊತೆ ಅವರಿಗೆ ಸಂಧಿಯಾಗಿ ಸೈನ್ಯಕ್ಕೆ ಬಿಡುವಾಗಿತ್ತು. ಆ ಜಾಗದಲ್ಲಿ ಒಳ್ಳೆಯ ಆಟಗಾರನೊಬ್ಬ ಇದ್ದಿದ್ದರೂ ಅದನ್ನೇ ಮಾಡುತ್ತಿದ್ದ.

ಈ ತರದ ಆಟಗಳಲ್ಲಿ ಸಾಮಾನ್ಯವಾಗಿ ಎರಡು ಲೆಕ್ಕ ನಡೆಯುತ್ತವೆ. ಒಂದು, ನೀನು ನನಗೆ ಎಷ್ಟು ಇಷ್ಟ ಅನ್ನುವುದು. ಇನ್ನೊಂದು, ನಿನ್ನ ಮೇಲೆ ಬಿದ್ದರೆ ನನಗೆ ಎಷ್ಟು ಲಾಭ ಅನ್ನುವುದು. ಪರದೆಯ ಮೇಲೆ ಬರುವುದು ಮೊದಲನೆಯದು. ಸೈನ್ಯ ಹೊರಡಿಸುವುದು ಎರಡನೆಯದು. ಆಟಗಾರ ಮೊದಲನೆಯದನ್ನು ನೋಡಿಕೊಂಡು ನಿಶ್ಚಿಂತೆಯಿಂದ ಇರುತ್ತಾನೆ. ಹಾಗಾಗಿ ಅವನಿಗೆ ಬೆನ್ನಿಗೆ ಚೂರಿ ಬಿದ್ದಂತೆ ಅನ್ನಿಸಿದರೆ ಅದು ಅವನ ತಪ್ಪಲ್ಲ.

ನಾವು ಯುದ್ಧದ ತೀರ್ಮಾನದ ಕೋಡ್‌ನಲ್ಲಿ ಒಂದು ಸಾಲನ್ನೂ ಬದಲಿಸಲಿಲ್ಲ. ತಯಾರಿಯ ಹೊತ್ತನ್ನು ಕಾಣಿಸುವ ಹಾಗೆ ಮಾಡಿದೆವು, ಅಷ್ಟೇ. ಎಐ ಮನಸ್ಸಿನಲ್ಲಿ ಯುದ್ಧ ನಿಶ್ಚಯವಾದ ಮೇಲೂ ಪಡೆ ಸೇರಿಸಲು ಕೆಲವು ಟರ್ನ್ ಬೇಕಾಗುತ್ತದೆ. ಆ ನಡುವೆ ಅದು ಮುಗಿದ ವ್ಯಾಪಾರ ಒಪ್ಪಂದವನ್ನು ಮತ್ತೆ ಮಾಡಿಕೊಳ್ಳುವುದಿಲ್ಲ. ದೂತನ ಮಾತಿನ ಧಾಟಿ ಬದಲಾಗುತ್ತದೆ. ವ್ಯಾಪಾರಿಗಳು ಗಡಿಯಾಚೆ ಪಡೆ ಸೇರುತ್ತಿರುವ ಸುದ್ದಿ ತರುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಅದು ಮೊದಲು ಬಾಯಿಬಿಟ್ಟು ಕೇಳುತ್ತದೆ: ಕಬ್ಬಿಣ ಕೊಡುತ್ತೀರಾ?

ಈ ಕೇಳುವಿಕೆ ಇಡೀ ಆಟದ ರುಚಿಯನ್ನೇ ಬದಲಿಸಿತು. ಈಗ ಆಟಗಾರನಿಗೆ ದಾರಿಗಳಿವೆ. ಕೊಡಬಹುದು, ಬೆಲೆ ಏರಿಸಬಹುದು, ಆಗಲ್ಲ ಅಂದು ಪಡೆ ಕಳಿಸಬಹುದು, ಪೂರ್ವದವರಿಗೆ ಗುಟ್ಟಾಗಿ ಚಿನ್ನ ಕೊಟ್ಟು ಉತ್ತರದವರ ಬೆನ್ನಿಗೆ ಬಿಡಬಹುದು. ಇನ್ನೊಬ್ಬ ಟೆಸ್ಟರ್ ಇಂಥದ್ದೇ ಪರಿಸ್ಥಿತಿಯಲ್ಲಿ ಅಂಥದ್ದೇ ಎರಡು ಊರು ಕಳೆದುಕೊಂಡು ಬರೆದದ್ದು: 'ಕಬ್ಬಿಣ ಕೊಟ್ಟಿದ್ದರೆ ಮುಗಿದುಹೋಗುತ್ತಿತ್ತು.' ಸೋಲು ಅದೇ. ಆದರೆ ಈ ಸಲ ಆ ಸೋಲು ಅವರ ಆಯ್ಕೆಯ ಫಲ.

ಕಾರಣ ಕಾಣದ ಕಡೆ ಆಟಗಾರರು ತಾವೇ ಒಂದು ಕಾರಣ ಹುಟ್ಟಿಸಿಕೊಳ್ಳುತ್ತಾರೆ. ಇದಕ್ಕೆ ಗಾಂಧಿ ಕಥೆ ಒಳ್ಳೆಯ ಸಾಕ್ಷಿ. 1991ರ ಸಿವಿಲೈಸೇಷನ್ ಅನ್ನುವ ರಾಜ್ಯ ಕಟ್ಟುವ ಆಟದಲ್ಲಿ ಭಾರತದ ನಾಯಕ ಗಾಂಧಿಯ ಆಕ್ರಮಣದ ಸಂಖ್ಯೆ 1 ಇತ್ತಂತೆ. ಪ್ರಜಾಪ್ರಭುತ್ವ ಬಂದಾಗ ಅದರಿಂದ 2 ಕಳೆದು, ಸೊನ್ನೆಗಿಂತ ಕೆಳಗೆ ಹೋಗಲಾಗದೆ ಅದು ಸುತ್ತಿ ಬಂದು ಅತಿ ದೊಡ್ಡ ಸಂಖ್ಯೆಯಾದ 255ಕ್ಕೆ ಹಾರಿತಂತೆ. ಅದಕ್ಕೇ ಗಾಂಧಿ ಅಣುಬಾಂಬ್ ಹಾಕುತ್ತಿದ್ದರಂತೆ. ಎಷ್ಟೋ ಜನ ಇದನ್ನು ನಿಜ ಅಂತಲೇ ನಂಬಿದ್ದಾರೆ. ಅಂಥ ಬಗ್ (ಕೋಡ್‌ನ ದೋಷ) ಇರಲೇ ಇಲ್ಲ ಅಂತ ಆಟದ ಜನಕ ಸಿಡ್ ಮೀಯರ್ 2020ರಲ್ಲಿ ಬಂದ ತಮ್ಮ ನೆನಪುಗಳ ಪುಸ್ತಕದಲ್ಲಿ ಬರೆದಿದ್ದಾರೆ. ಆ ಆಟದಲ್ಲಿ ಅಣ್ವಸ್ತ್ರ ಇರುವ ಯಾವ ನಾಯಕನಾದರೂ ಒಂದೇ ತರದ ಬೆದರಿಕೆ ಹಾಕುತ್ತಿದ್ದ. ಗಾಂಧಿ ಬಾಯಲ್ಲಿ ಆ ಮಾತು ಕೇಳಿದವರಿಗೆ ಅದು ಮರೆಯಲಿಲ್ಲ. ಕಥೆ ಎಷ್ಟು ಗಟ್ಟಿಯಾಗಿ ಕೂತಿತು ಅಂದರೆ ಇವತ್ತಿಗೂ ಅದನ್ನು ಕೀಳಲಾಗುತ್ತಿಲ್ಲ.

ಇದೇ ಸಿವಿಲೈಸೇಷನ್ ಸರಣಿಯನ್ನು ನೋಡಿದರೆ ಕಾರಣ ತೋರಿಸುವ ವಿಷಯದಲ್ಲಿ ಅದನ್ನು ಮಾಡಿದವರು ಎಷ್ಟು ಸಲ ಆಚೀಚೆ ಹೋಗಿದ್ದಾರೆ ಅನ್ನುವುದು ಕಾಣುತ್ತದೆ. 2005ರ ಸಿವಿಲೈಸೇಷನ್ 4ರಲ್ಲಿ ನಾಯಕನ ಹೆಸರಿನ ಮೇಲೆ ಮೌಸ್ ಇಟ್ಟರೆ ಸಾಕು, ಪ್ಲಸ್ ಮೈನಸ್ ಎಲ್ಲ ಸಾಲಾಗಿ ಬರುತ್ತಿತ್ತು. ಒಂದೇ ಧರ್ಮ ಅಂತ ಇಷ್ಟು ಪ್ಲಸ್, ಗಡಿ ತಿಕ್ಕಾಟಕ್ಕೆ ಇಷ್ಟು ಮೈನಸ್. 2010ರ ಐದನೆಯ ಆಟ ಮೊದಲು ಬಂದಾಗ ಅದನ್ನೆಲ್ಲ ಮುಚ್ಚಿಟ್ಟರು. ನಿನ್ನೆ ನಕ್ಕವನು ಇವತ್ತು ಯಾಕೆ ಹಲ್ಲು ಮಸೆಯುತ್ತಿದ್ದಾನೆ ಅಂತ ಆಟಗಾರರಿಗೆ ತಿಳಿಯುತ್ತಿರಲಿಲ್ಲ. ಆಮೇಲಿನ ಅಪ್‌ಡೇಟ್‌ಗಳಲ್ಲಿ ಕಾರಣಗಳನ್ನು ಮತ್ತೆ ತೋರಿಸಬೇಕಾಯಿತು. 2016ರ ಆರನೆಯದರಲ್ಲಿ ಹಿಡಿದ ದಾರಿ ನನಗೆ ತುಂಬಾ ಇಷ್ಟ. ಪ್ರತಿ ನಾಯಕನಿಗೂ ಎಲ್ಲರಿಗೂ ಗೊತ್ತಿರುವ ಒಂದು ಹಟ ಇದೆ, ಗುಟ್ಟಾದ ಇನ್ನೊಂದು ಇದೆ. ಚೀನಾದ ಚಿನ್ ಷಿ ಹುವಾಂಗ್‌ಗೆ ಜಗತ್ತಿನ ಅದ್ಭುತ ಕಟ್ಟಡಗಳೆಲ್ಲ ತನ್ನವೇ ಆಗಬೇಕು. ಬೇರೆಯವರು ಕಟ್ಟಿದರೆ ಮುನಿಸು. ಗುಟ್ಟಾದ ಹಟ ಏನು ಅಂತ ತಿಳಿಯಬೇಕಾದರೆ ದೂತರನ್ನು ಕಳಿಸಬೇಕು, ವ್ಯಾಪಾರದ ದಾರಿ ತೆರೆಯಬೇಕು, ರಾಯಭಾರ ಕಚೇರಿ ಇಡಬೇಕು. ಸಂಪರ್ಕ ಹೆಚ್ಚಿದ ಹಾಗೆ ಎದುರಿನವರ ಮನಸ್ಸು ತೆರೆದುಕೊಳ್ಳುತ್ತದೆ.

ಸಂಪರ್ಕದ ಬೆಲೆ ಏನು ಅನ್ನುವುದು ನನಗೆ ಸರಿಯಾಗಿ ಅರ್ಥವಾದದ್ದು ಹಳೆಯ ಆಟಗಳನ್ನು ಬಿಚ್ಚಿ ನೋಡುವಾಗ. 2001ರ ಸಿವಿಲೈಸೇಷನ್ 3ರಲ್ಲಿ ಒಂದು ರಾಜ್ಯದ ಪರಿಚಯವನ್ನೇ ಇನ್ನೊಂದಕ್ಕೆ ಮಾರಬಹುದಿತ್ತು. ಹಡಗಿನಲ್ಲಿ ಮೊದಲು ಇನ್ನೊಂದು ಖಂಡ ಮುಟ್ಟಿದವನು ಎರಡೂ ಕಡೆಯ ದಲ್ಲಾಳಿ. ಇವರ ವಿದ್ಯೆ ಅವರಿಗೆ, ಅವರ ವಿದ್ಯೆ ಇವರಿಗೆ. ಇಬ್ಬರೂ ಒಬ್ಬರನ್ನೊಬ್ಬರು ಕಂಡ ದಿನ ಆ ದಲ್ಲಾಳಿತನ ಮುಗಿಯುತ್ತದೆ. ಒಂದು ಕತ್ತಿಯೂ ಹಿರಿಯದೆ ಆಟದ ತೂಕ ಬದಲಾಗುವ ಈ ಗಳಿಗೆ ನನಗೆ ಯಾವ ಯುದ್ಧಕ್ಕಿಂತಲೂ ಸೊಗಸು. 2016ರ ಸ್ಟೆಲಾರಿಸ್ ಅನ್ನುವ ಬಾಹ್ಯಾಕಾಶದ ಆಟದಲ್ಲಿ ಎದುರಿಗೆ ಬಂದ ಹಡಗು ಯಾರದ್ದು ಅಂತ ಮೊದಲು ಗೊತ್ತೇ ಇರುವುದಿಲ್ಲ. 2021ರ ಬದಲಾವಣೆಯ ನಂತರ ಅಲ್ಲಿ ದೂತನೊಬ್ಬನನ್ನು ನೇಮಿಸಿ, ಹಂತಹಂತವಾಗಿ ಆ ಪರಕೀಯರ ಪರಿಚಯ ಮಾಡಿಕೊಳ್ಳಬೇಕು. ಹೆಸರು, ಮಾತು, ಸ್ವಭಾವ ಎಲ್ಲವೂ ಆಮೇಲೆ.

ನಮ್ಮ ಆಟದಲ್ಲೂ ಮೊದಲ ಭೇಟಿಗೆ ನಾವು ಬಹಳ ಹೊತ್ತು ಕೊಟ್ಟಿದ್ದೇವೆ. ಮೊದಲು ಬರೀ ವದಂತಿ: ಬೆಟ್ಟದಾಚೆ ಯಾರೋ ಇದ್ದಾರೆ. ಆಮೇಲೆ ವ್ಯಾಪಾರಿಗಳ ಮೂಲಕ ಅವರ ವಸ್ತುಗಳು ಬರುತ್ತವೆ. ಯಾವ ವಸ್ತು ಬಂತು ಅನ್ನುವುದರಲ್ಲೇ ಅವರ ಬಳಿ ಏನಿದೆ, ಏನಿಲ್ಲ ಅನ್ನುವ ಸುಳಿವು ಇರುತ್ತದೆ. ದೂತ ಬಂದು ನಿಲ್ಲುವುದು ಕೊನೆಗೆ. ಅವನ ಮೊದಲ ಮಾತು ಸುಮ್ಮನೆ 'ನಮಸ್ಕಾರ, ನಾವು ಇಂಥವರು' ಅಂತ ಆಗಬಾರದು ಅನ್ನುವುದು ನನ್ನ ಪಟ್ಟು. ಆ ರಾಜ್ಯಕ್ಕೆ ಏನು ಬೇಕು, ಯಾರನ್ನು ಕಂಡರೆ ಆಗುವುದಿಲ್ಲ, ಈ ಎರಡರಲ್ಲಿ ಒಂದಾದರೂ ಅದರಲ್ಲಿ ಇರಬೇಕು. 'ನದಿಯ ಈಚೆಗೆ ನಿಮ್ಮವರು ಮನೆ ಕಟ್ಟದಿದ್ದರೆ ನಮಗೂ ನಿಮಗೂ ಜಗಳವಿಲ್ಲ.' ಇಷ್ಟು ಸಾಕು. ಐವತ್ತು ಟರ್ನ್ ಆದ ಮೇಲೆ ಆಟಗಾರ ನದಿ ದಾಟಿ ಊರು ಕಟ್ಟಿದಾಗ ಏನಾಗುತ್ತದೆ ಅಂತ ಯಾರೂ ಹೇಳಬೇಕಾಗಿಲ್ಲ.

ಮೂರನೆಯವರ ವಿಷಯ ಇನ್ನೂ ಸೂಕ್ಷ್ಮ. ಗೆಳೆಯನ ರಾಜ್ಯ ಯಾರದ್ದೋ ಊರು ಸುಟ್ಟಿತು ಅಂತ ನಿಮ್ಮ ಮೇಲೆ ಇನ್ನಾರೋ ಮುನಿಸಿಕೊಂಡರೆ, ಆಟಗಾರರು ಅದನ್ನು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ ಅನ್ನುತ್ತಾರೆ. ಅವರು ಹೇಳುವುದು ಸರಿ. ಇದನ್ನು ತುಂಬಾ ಚೆನ್ನಾಗಿ ನಿಭಾಯಿಸಿದ್ದು 2013ರ ಯೂರೋಪಾ ಯೂನಿವರ್ಸಾಲಿಸ್ 4 ಅಂತ ನನ್ನ ಅಭಿಪ್ರಾಯ. ಅಲ್ಲಿ ನೆಲ ಕಬಳಿಸಿದಷ್ಟೂ ಸುತ್ತಲಿನವರಿಗೆ ನಿಮ್ಮ ಬಗ್ಗೆ ಭಯ ಏರುತ್ತದೆ. ಹತ್ತಿರದವರಿಗೆ ಜಾಸ್ತಿ, ಅದೇ ಧರ್ಮ, ಅದೇ ಸಂಸ್ಕೃತಿಯವರಿಗೆ ಇನ್ನೂ ಜಾಸ್ತಿ, ದೂರದವರಿಗೆ ಕಡಿಮೆ. ಮಿತಿ ಮೀರಿದರೆ ಅವರೆಲ್ಲ ಸೇರಿ ನಿಮ್ಮ ವಿರುದ್ಧ ಕೂಟ ಕಟ್ಟುತ್ತಾರೆ. ಸುಮ್ಮನಿದ್ದರೆ ವರ್ಷದಿಂದ ವರ್ಷಕ್ಕೆ ಆ ಭಯ ಇಳಿಯುತ್ತದೆ. ಊರು ಹಿಡಿಯುವ ಮೊದಲೇ ನಕ್ಷೆ ನೋಡಿ ಯಾರ್‍ಯಾರು ಎದ್ದು ನಿಲ್ಲಬಹುದು ಅಂತ ಲೆಕ್ಕ ಹಾಕಬಹುದು. ಅಲ್ಲಿ ಸಂಯಮವೂ ಒಂದು ಆಯುಧ.

ಹಾಗಂತ ಎಲ್ಲ ಸಂಖ್ಯೆಗಳನ್ನೂ ಬಯಲಿಗಿಡಬೇಕಾ? ತಂಡದಲ್ಲಿ ಇದರ ಬಗ್ಗೆ ವಾದ ಇನ್ನೂ ನಡೆಯುತ್ತಲೇ ಇದೆ. 2019ರ ಟೋಟಲ್ ವಾರ್: ತ್ರೀ ಕಿಂಗ್‌ಡಮ್ಸ್‌ನಲ್ಲಿ ಒಪ್ಪಂದದ ಪ್ರತಿ ಅಂಶಕ್ಕೂ ಎದುರಿನವರು ಎಷ್ಟು ಬೆಲೆ ಕಟ್ಟುತ್ತಾರೆ ಅಂತ ಪರದೆಯಲ್ಲೇ ಬರುತ್ತದೆ. ಊಹಿಸುವ ಕಿರಿಕಿರಿ ಇಲ್ಲ, ವ್ಯವಹಾರ ಬೇಗ ಮುಗಿಯುತ್ತದೆ. ಆದರೆ ಕೆಲವರು ಸಂಖ್ಯೆ ಹಸಿರಾಗುವ ತನಕ ಚಿನ್ನ ಸ್ವಲ್ಪಸ್ವಲ್ಪವೇ ಸೇರಿಸುತ್ತಾ ಹೋಗುತ್ತಾರೆ. ಆಗ ಎದುರಿಗೆ ಒಬ್ಬ ರಾಜ ಕೂತಿದ್ದಾನೆ ಅನ್ನುವ ಭಾವನೆ ಹೊರಟುಹೋಗುತ್ತದೆ ಅನ್ನುವುದು ಒಂದು ಗುಂಪಿನ ವಾದ. ನನ್ನ ನಿಲುವು ನಡುವಿನದ್ದು. ಮುನಿಸಿನ ಕಾರಣ ಪೂರ್ತಿ ಕಾಣಲಿ, ಮುಂದಿನ ಯೋಜನೆ ಸುಳಿವುಗಳಲ್ಲಿ ಮಾತ್ರ ಕಾಣಲಿ.

ಆಡಿದ ಮಾತಿಗೂ ಮಾಡುವ ಕೆಲಸಕ್ಕೂ ನಂಟು ಇರಲೇಬೇಕು ಅನ್ನುವುದರಲ್ಲಿ ಮಾತ್ರ ನನಗೆ ರಾಜಿ ಇಲ್ಲ. 1959ರಲ್ಲಿ ಮಾರುಕಟ್ಟೆಗೆ ಬಂದ ಡಿಪ್ಲೊಮಸಿ ಅನ್ನುವ ಬೋರ್ಡ್ ಗೇಮ್‌ನಲ್ಲಿ ದಾಳವೇ ಇಲ್ಲ. ಏಳು ರಾಷ್ಟ್ರಗಳು, ಮಾತುಕತೆ, ಆಮೇಲೆ ಎಲ್ಲರೂ ಗುಟ್ಟಾಗಿ ಬರೆದ ಆದೇಶಗಳನ್ನು ಒಟ್ಟಿಗೆ ತೆರೆಯುವುದು. 2022ರಲ್ಲಿ ಮೆಟಾ ಸಂಸ್ಥೆಯ ಸಿಸೆರೊ ಅನ್ನುವ ಎಐ ಇದನ್ನು ಮನುಷ್ಯರ ಜೊತೆ ಆಡಿತು. ಅದರ ವಿನ್ಯಾಸದಲ್ಲಿ ನನಗೆ ಹಿಡಿಸಿದ್ದು ಇದು: ಮೊದಲು ಮುಂದಿನ ನಡೆಯ ಯೋಜನೆ ಆಗುತ್ತದೆ, ಸಂದೇಶ ಆ ಯೋಜನೆಯ ಮೇಲೆಯೇ ಹುಟ್ಟುತ್ತದೆ. ನಮ್ಮದು ಅಷ್ಟು ದೊಡ್ಡ ವ್ಯವಸ್ಥೆಯಲ್ಲ, ಆದರೆ ನಿಯಮ ಅದನ್ನೇ ಇಟ್ಟುಕೊಂಡಿದ್ದೇವೆ. ದೂತ ಹೇಳುವ ಪ್ರತಿ ಸಾಲೂ ತೀರ್ಮಾನ ಮಾಡಿದ ಅದೇ ಲೆಕ್ಕದಿಂದ ಬರಬೇಕು. ಬರಹಗಾರರು ಚೆಂದದ ಬೆದರಿಕೆ ಬರೆದುಕೊಟ್ಟರೂ, ಅದರ ಹಿಂದೆ ಲೆಕ್ಕ ಇಲ್ಲದಿದ್ದರೆ ಅದು ಆಟಕ್ಕೆ ಹೋಗುವುದಿಲ್ಲ.

ಈಗ ನನ್ನ ಮೇಜಿನ ಮೇಲಿರುವುದು ಸಂಧಿಯ ನಂತರದ ಕಾಲ. ಯುದ್ಧ ಮುಗಿದ ತಕ್ಷಣ ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಳ್ಳುವ ರಾಜ್ಯ ನಂಬುವ ಹಾಗಿರುವುದಿಲ್ಲ. ಯಾವತ್ತೂ ಮರೆಯದ ರಾಜ್ಯದ ಜೊತೆ ಮಾತಾಡಿ ಪ್ರಯೋಜನವಿಲ್ಲ. ಸಿವಿಲೈಸೇಷನ್ 6ಕ್ಕೆ 2019ರಲ್ಲಿ ಬಂದ ಗ್ಯಾದರಿಂಗ್ ಸ್ಟಾರ್ಮ್‌ನಲ್ಲಿ ಪ್ರತಿ ಅನ್ಯಾಯಕ್ಕೂ ಒಂದು ದೂರಿನ ಲೆಕ್ಕ ಇದೆ, ಕಾಲ ಕಳೆದ ಹಾಗೆ ಅದು ಕರಗುತ್ತದೆ. ನಾವು ಅದಕ್ಕೆ ಒಂದು ತಿರುವು ಕೊಟ್ಟು ನೋಡುತ್ತಿದ್ದೇವೆ. ಸುಟ್ಟ ಹೊಲಕ್ಕೆ, ಮುರಿದ ಮಾತಿಗೆ ಆದ ಸಿಟ್ಟು ನಿಧಾನಕ್ಕೆ ಇಳಿಯುತ್ತದೆ. ಹಿಡಿದುಕೊಂಡ ಊರಿನ ಸಿಟ್ಟು ಆ ಊರು ನಿಮ್ಮ ಕೈಯಲ್ಲಿ ಇರುವ ತನಕ ಇಳಿಯುವುದಿಲ್ಲ. ವಾಪಸ್ ಕೊಟ್ಟರೆ ದೂರಿನ ಪಟ್ಟಿಯಿಂದ ಆ ಸಾಲೇ ಅಳಿಸಿಹೋಗುತ್ತದೆ. ಟೆಸ್ಟ್‌ನಲ್ಲಿ ಕೆಲವರು ನಿಜವಾಗಿಯೂ ಊರು ವಾಪಸ್ ಕೊಟ್ಟು, ಬದಲಿಗೆ ದೀರ್ಘ ಕಾಲದ ಮೈತ್ರಿ ಪಡೆಯಲು ಶುರುಮಾಡಿದ್ದಾರೆ. ಆಟದ ಮುಂದಿನ ಬಿಲ್ಡ್‌ನಲ್ಲಿ (ಆವೃತ್ತಿಯಲ್ಲಿ) ಮೂರನೆಯ ರಾಜ್ಯವೊಂದು ನಡುವೆ ನಿಂತು ಸಂಧಾನ ಮಾಡಿಸುವುದನ್ನು ಸೇರಿಸುತ್ತಿದ್ದೇವೆ. ಹಾಗೆ ನಡುವೆ ಬರುವುದರಲ್ಲಿ ಅದಕ್ಕೆ ಏನು ಲಾಭ ಅನ್ನುವುದೂ ಆಟಗಾರನಿಗೆ ಕಾಣಬೇಕು. ಈ ವಾರ ಆ ಪರದೆಯನ್ನೇ ಬರೆಯುತ್ತಿದ್ದೇನೆ.