ಉಂಡರೆ ಹಿಂಡುವ ಹೊಟ್ಟೆ: ತುಮಕೂರಿನ ಒಂದು ಡಾಪ್ಲರ್ ಸ್ಕ್ಯಾನಿಂಗ್

ಪಾವಗಡದ ಕಡೆಯಿಂದ ಮೊದಲ ಬಸ್ಸಿಗೆ ತುಮಕೂರಿಗೆ ಬಂದಿದ್ದ ಯಜಮಾನರ ಚೀಟಿಯಲ್ಲಿ ‘ಹೊಟ್ಟೆ ಸ್ಕ್ಯಾನಿಂಗ್’ ಅಂತಷ್ಟೇ ಬರೆದಿತ್ತು. ಅರವತ್ತು ದಾಟಿದವರು, ಬೀಡಿ ಸೇದುವವರು, ಅಂಗಿ ಮೈಮೇಲೆ ಜೋತುಬಿದ್ದಿತ್ತು.

“ಬೆಳಿಗ್ಗೆ ಏನಾದ್ರೂ ತಗೊಂಡ್ರಾ ಯಜಮಾನ್ರೇ?”

“ಇಲ್ಲ ಸ್ವಾಮಿ, ಉಂಡ್ರೇ ಅಲ್ವಾ ನೋವು. ಮುದ್ದೆ ಉಂಡು ಅರ್ಧ ಗಂಟೆ ಆಗ್ಲಿಕ್ಕಿಲ್ಲ, ಹಿಂಡೋಕೆ ಶುರು.”

ಎಂಡೋಸ್ಕೋಪಿ ಆಗಿತ್ತು, ಗ್ಯಾಸ್ಟ್ರಿಕ್ ಮಾತ್ರೆಗಳೂ ಆಗಿದ್ದವು. ಊಟದ ಭಯ, ತೂಕದ ಇಳಿತ, ಬೀಡಿ, ಇವು ಒಟ್ಟಿಗೆ ಕಂಡರೆ ಪಿತ್ತಕೋಶದಲ್ಲಿ ಕಲ್ಲಿಲ್ಲ ಎಂದು ಬರೆದು ಕಳಿಸಿದರೆ ಸಾಲದು. ಕರುಳಿಗೆ ರಕ್ತ ಒಯ್ಯುವ ನಾಳಗಳನ್ನೂ ನೋಡಬೇಕು.

ಅದಕ್ಕೆ ಡಾಪ್ಲರ್, ಅಂದರೆ ಶಬ್ದದ ಅಲೆಗಳಿಂದ ನಾಳದೊಳಗಿನ ರಕ್ತದ ವೇಗ ಅಳೆಯುವ ಸ್ಕ್ಯಾನಿಂಗ್. ಈ ಪರೀಕ್ಷೆಗೆ 6ರಿಂದ 8 ಗಂಟೆ ಖಾಲಿ ಹೊಟ್ಟೆ ಬೇಕು. ಗ್ಯಾಸ್ ಕಡಿಮೆಯಿರಲಿ ಎಂಬುದು ಒಂದು ಕಾರಣ. ಅದಕ್ಕಿಂತ ದೊಡ್ಡದು, ಉಂಡ ಮೇಲೆ ಗಟ್ಟಿಮುಟ್ಟಾದವರಲ್ಲೂ ಕರುಳಿಗೆ ರಕ್ತ ಹೆಚ್ಚು ಹರಿದು ವೇಗ ಏರುತ್ತದೆ. ಕಿರಿದಾದ ನಾಳವೋ, ತಿಂದ ತಿಂಡಿಯೋ ಗೊತ್ತಾಗುವುದಿಲ್ಲ. ಸಕ್ಕರೆ ಕಾಯಿಲೆಯವರನ್ನು ಬೆಳಗಿನ ಮೊದಲ ಸರದಿಗೇ ಕರೆಯಬೇಕು.

2–5 ಮೆಗಾಹರ್ಟ್ಸ್‌ನ ಬಾಗಿದ ಪ್ರೋಬನ್ನು ಎದೆಗೂಡಿನ ಕೆಳಗೆ ನಡುಗೆರೆಯಲ್ಲಿ ಉದ್ದಕ್ಕೆ ಇಟ್ಟರೆ ಮಹಾಪಧಮನಿ ಕಾಣುತ್ತದೆ. ಹೊಟ್ಟೆಯಲ್ಲಿ ಅದರಿಂದ ಮೊದಲು ಹೊರಡುವ ದೊಡ್ಡ ಕವಲು ಸೀಲಿಯಾಕ್, ಜಠರ, ಯಕೃತ್ತುಗಳಿಗೆ ರಕ್ತ ಒಯ್ಯುವ ನಾಳ. ಸುಮಾರು ಒಂದು ಸೆಂಟಿಮೀಟರ್ ಕೆಳಗೆ ಸಣ್ಣ ಕರುಳಿನ ಮುಖ್ಯ ನಾಳವಾದ ಎಸ್‌ಎಂಎ. ಗ್ಯಾಸ್ ಅಡ್ಡ ಬಂದರೆ ಪ್ರೋಬನ್ನು ನಿಧಾನವಾಗಿ ಒತ್ತಿ ಹಿಡಿಯಿರಿ, ಕುಕ್ಕಬೇಡಿ. ಪರದೆಯಲ್ಲಿ ರಕ್ತದ ಹರಿವಿನ ಬಣ್ಣ ಕಲಸಿಕೊಂಡು ಮಿನುಗುವ ಜಾಗದಲ್ಲೇ ಅಳತೆಯ ಗೇಟ್ (ವೇಗ ಅಳೆಯುವ ಗುರುತು) ಇಡಬೇಕು. ವೇಗದ ಅಲೆಯ ತುದಿ ಕತ್ತರಿಸಿ ಕೆಳಗಿನಿಂದ ಮೂಡಿದರೆ ಸ್ಕೇಲ್ (ತೋರಿಸುವ ವೇಗದ ಮಿತಿ) ಏರಿಸಿ, ಬೇಸ್‌ಲೈನ್ (ಸೊನ್ನೆಯ ಗೆರೆ) ಇಳಿಸಿ.

ಅಳತೆ ಹೆಚ್ಚಾಗಿ ಕೆಡುವುದು ಕೋನದಲ್ಲಿ, ಅಂದರೆ ಪ್ರೋಬ್‌ನ ಅಲೆಗೂ ರಕ್ತದ ಹರಿವಿಗೂ ನಡುವಿನ ಕೋನದಲ್ಲಿ. ಎಸ್‌ಎಂಎ ಹುಟ್ಟುವಲ್ಲೇ ಬಾಗುತ್ತದೆ, ಆ ಬಾಗಿನಲ್ಲಿ ಕರ್ಸರ್ ತುಸು ವಾಲಿದರೂ ಲೆಕ್ಕ ತಪ್ಪುತ್ತದೆ. ನಿಜವಾದ ಕೋನ 60 ಡಿಗ್ರಿ ಇದ್ದಾಗ 65 ಎಂದು ಹಾಕಿದರೆ ವೇಗ ಸುಮಾರು ಶೇ 18ರಷ್ಟು ಹೆಚ್ಚು ತೋರುತ್ತದೆ. 70 ಇದ್ದಾಗ 75 ಹಾಕಿದರೆ ಶೇ 32ರಷ್ಟು. ಅದಕ್ಕೇ 60 ದಾಟಬಾರದು. ದಾಟದೆ ಕೋನ ಸಿಗದಿದ್ದರೆ ‘ಅಳೆಯಲಾಗಲಿಲ್ಲ’ ಎಂದು ಬರೆಯುವುದೇ ಮೇಲು.

ಯಜಮಾನರ ಎಸ್‌ಎಂಎಯಲ್ಲಿ ರಕ್ತದ ಗರಿಷ್ಠ ವೇಗ ಸೆಕೆಂಡಿಗೆ 340 ಸೆಂಟಿಮೀಟರ್ ಬಂತು, ಸೀಲಿಯಾಕ್‌ನಲ್ಲಿ 250. ಖಾಲಿ ಹೊಟ್ಟೆಯಲ್ಲಿ ಎಸ್‌ಎಂಎಗೆ 275, ಸೀಲಿಯಾಕ್‌ಗೆ 200 ದಾಟಿದರೆ ನಾಳ ಶೇ 70ಕ್ಕಿಂತ ಹೆಚ್ಚು ಕಿರಿದಾಗಿದೆ ಎಂದು ಅನುಮಾನಿಸಬೇಕು. ಸೀಲಿಯಾಕ್‌ ಸಂಖ್ಯೆಯನ್ನು ಮಾತ್ರ ತಕ್ಷಣ ನಂಬಬಾರದು. ಉಸಿರು ಬಿಟ್ಟಾಗ ವಪೆಯ (ಎದೆ-ಹೊಟ್ಟೆ ನಡುವಿನ ಉಸಿರಾಟದ ಸ್ನಾಯು) ಪಟ್ಟಿ ಆ ನಾಳವನ್ನು ಒತ್ತಿ ವೇಗ ಏರಿಸುವುದುಂಟು. “ಉಸಿರು ಎಳ್ಕೊಂಡು ಹಿಡ್ಕೊಳ್ಳಿ” ಎಂದು ಮತ್ತೆ ಅಳೆದರೂ ಇವರಲ್ಲಿ ವೇಗ ಇಳಿಯಲಿಲ್ಲ. ಗೋಡೆಯಲ್ಲಿ ಸುಣ್ಣ ಕಟ್ಟಿದ್ದೂ ಕಾಣುತ್ತಿತ್ತು. ಒಂದೇ ನಾಳ ಕಿರಿದಾದರೆ ಅಕ್ಕಪಕ್ಕದ ಕವಲುಗಳು ಸಾಮಾನ್ಯವಾಗಿ ತೂಗಿಸಿಕೊಂಡು ಹೋಗುತ್ತವೆ. ಎರಡು ಕೆಟ್ಟಾಗ ಊಟವೇ ಹೊರೆ.

ವರದಿಯಲ್ಲಿ ವೇಗದ ಜೊತೆ ಕೋನವನ್ನೂ ಎಷ್ಟು ಗಂಟೆಯ ಉಪವಾಸ ಎಂಬುದನ್ನೂ ಬರೆದು ಸಿಟಿ ಆಂಜಿಯೋಗ್ರಾಂಗೆ (ರಕ್ತನಾಳಗಳ ಸಿಟಿ ಸ್ಕ್ಯಾನ್) ಕಳಿಸಿದ್ದಾಯಿತು. ಅಲ್ಲಿಯವರೆಗೆ ಒಂದು ಮುದ್ದೆಯ ಬದಲು ಅರ್ಧರ್ಧ, ಎರಡು ಹೊತ್ತಿಗೆ.

ಇಷ್ಟೆಲ್ಲ ನಿಧಾನವಾಗಿ ಬೆಳೆದ ಕಾಯಿಲೆಯ ಮಾತು. ದಿಢೀರನೆ ತಡೆಯಲಾಗದ ನೋವು, ಮುಟ್ಟಿದರೆ ಹೊಟ್ಟೆ ಮೆತ್ತಗೆ, ನಾಡಿ ಏರುಪೇರು ಎಂದು ಯಾರಾದರೂ ಬಂದರೆ ಡಾಪ್ಲರ್ ಹಿಡಿದು ಕೂರಬೇಡಿ. ಹೃದಯದಿಂದ ಬಂದ ಹೆಪ್ಪು ಎಸ್‌ಎಂಎ ಹುಟ್ಟಿನಿಂದ ಹಲವು ಸೆಂಟಿಮೀಟರ್ ಮುಂದೆ ಸಿಕ್ಕಿಕೊಳ್ಳುವುದೇ ಹೆಚ್ಚು. ನಮ್ಮ ಪ್ರೋಬ್‌ಗೆ ಚೆನ್ನಾಗಿ ಕಾಣುವುದು ಮೊದಲ ಭಾಗ ಮಾತ್ರ. ಆಗ ನೇರ ಸಿಟಿ ಆಂಜಿಯೋ, ಬಾಯಿಗೆ ಕಾಂಟ್ರಾಸ್ಟ್ (ಸ್ಕ್ಯಾನ್‌ನಲ್ಲಿ ಎದ್ದು ಕಾಣುವ ದ್ರವ) ಕುಡಿಸದೆ. ರಕ್ತ ಪರೀಕ್ಷೆಯಲ್ಲಿ ಲ್ಯಾಕ್ಟೇಟ್ (ಆಮ್ಲಜನಕ ಸಾಲದಾದಾಗ ಏರುವ ಅಂಶ) ಸರಿಯಿದೆ ಎಂದು ಕಾಯುವುದೂ ಬೇಡ, ಅದು ಏರುವ ಹೊತ್ತಿಗೆ ಕರುಳು ಸಾಯತೊಡಗಿರಬಹುದು.